ರಂಗದಡಿಯ ಗುಳಿಯಿಂದ

ವಿವೀನ್ ದೆಲ್‌ಶಾಂಬ್ರಳನ್ನು ನಾನು ಮೊದಲು ಕಂಡದ್ದು
ಪಾದದಿಂದ.
ಕಂದು ಬೂಟು. ಎಡಗಾಲಿನದಕ್ಕೆ ಲಾಡಿಯ ಬದಲು
ಉಣ್ಣೆಯ ಎಳೆ.
ವೆರ್ವಿಯೆ ಊರಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ,
ಅವಳಪ್ಪ ಮೂವತ್ತು ವರ್ಷ ಹೊಳೆನೀರಲ್ಲಿ ತುಪ್ಪಟ ತೊಳೆದವನು;
ಅವನು ಮುಟ್ಟಿದ ಬ್ರೆಡ್ಡಿಗೂ ಕುರಿಯ ಜಿಡ್ಡು ಅಂತ
ಅವಳೇ ಹೇಳಿ ನಗುತ್ತಿದ್ದಳು.

ನನ್ನ ಕೆಲಸ, ಮಾತೆತ್ತಿಕೊಡುವುದು.
ರಂಗದ ಅಂಚಿನಲ್ಲೊಂದು ಗುಳಿ,
ಮೇಲೆ ಬುಟ್ಟಿ ಕವುಚಿದಂಥ ಮಾಡು,
ಒಳಗೆ ನಾನು, ಒಂದು ದೀಪ, ಹಸ್ತಪ್ರತಿ, ನೆಗಡಿ.
ಎಂಥ ರಾಜನೂ ನನಗೆ ಮೊಣಕಾಲಿನವರೆಗೆ ಮಾತ್ರ.

ದೊಡ್ಡವರಿಗೆಂದು ಏಳು ನಾಟಕ ಬರೆದಳು.
ಮೊದಲನೆಯದಕ್ಕೆ ಹನ್ನೊಂದು ಜನ,
ಅದರಲ್ಲಿಬ್ಬರು ಮಳೆಗೆ ಹೆದರಿ ಒಳಬಂದವರು.
ಎರಡನೆಯದನ್ನು ಲಿಯೇಜಿನ ಪತ್ರಿಕೆ ‘ಭರವಸೆಯ’ ಎಂದಿತು;
ಆ ಒಂದೇ ಪದ ಕತ್ತರಿಸಿ ಕನ್ನಡಿಗೆ ಅಂಟಿಸಿ
ಹಲ್ಲುಜ್ಜುವಾಗ ಅದಕ್ಕೆ ನಾಲಗೆ ಚಾಚುತ್ತಿದ್ದಳಂತೆ.
ಮೂರನೆಯದರ ಹೊತ್ತಿಗೆ ಗಂಡ ಬ್ರಸೆಲ್ಸ್ ಸೇರಿದ.
ನಾಲ್ಕನೆಯದರಲ್ಲಿ ಗಂಡಂದಿರೆಲ್ಲ
ಮೊದಲ ಅಂಕದಲ್ಲೇ ಸತ್ತರು.

ಐದನೆಯದು. ಅದನ್ನು ಹೇಳಬೇಕು.
ನವೆಂಬರಿನ ಗುರುವಾರ, ಎರಡನೇ ಅಂಕ.
ಮುದಿನಟ ಎವ್ರಾರ್, ಮಗನ ಪತ್ರ ಕೈಯಲ್ಲಿ ಹಿಡಿದು
ಮಾತು ಮರೆತ.
ಪಿಸುಗುಟ್ಟಿದೆ. ಅವನ ಕಿವಿ ಮಂದ.
ಇನ್ನೊಮ್ಮೆ, ತುಸು ಗಟ್ಟಿಯಾಗಿ;
ಸಭೆಗೆ ಸಭೆಯೇ ಕೇಳಿಸಿಕೊಂಡಿತು, ಅವನೊಬ್ಬನ ಹೊರತು.
ಆಗ ಮೂರನೇ ಸಾಲಿನಿಂದ
ನೋಡಿಕೊಳ್ಳುವವರಿಲ್ಲದೆ ಜತೆಗೆ ತಂದಿದ್ದ ಯಾರದೋ ಮಗು:
“ತಾತಾ, ಓದೋಕೆ ಬರಲ್ವಾ? ನಾ ಓದ್ಲಾ?”

ಜನ ನಗಲಿಲ್ಲ, ಅದೇ ವಿಚಿತ್ರ.
ಎವ್ರಾರ್ ಬಗ್ಗಿ ಕಾಗದವನ್ನು ಕತ್ತಲೆಗೆ ಚಾಚಿದ.
ಅದರಲ್ಲೇನೂ ಇರಲಿಲ್ಲ,
ನಮ್ಮಲ್ಲಿ ರಂಗದ ಕಾಗದ ಯಾವತ್ತೂ ಖಾಲಿ.
ಮಗು ಬಂತು. ಬೆರಳಿಟ್ಟು ಓದಿತು:
“ಅಪ್ಪಾ, ಇಲ್ಲಿ ಚಳಿ. ನಾಯಿಗೆ ಊಟ ಹಾಕು.”

ಅವಳು ಬರೆದದ್ದು ಎರಡು ಪುಟದ ಪತ್ರ,
ಅದರಲ್ಲಿ ಯುದ್ಧವಿತ್ತು, ದೇವರಿದ್ದ,
ಬೇಕಾದಷ್ಟು ಅರ್ಧವಿರಾಮಗಳಿದ್ದವು.

ಪರದೆ ಬಿದ್ದ ಮೇಲೆ ಕಂದು ಬೂಟು
ನನ್ನ ಗುಳಿಯೆದುರು ಬಂದು ನಿಂತಿತು, ಬಹಳ ಹೊತ್ತು.
“ನಾಯಿ,” ಎಂದಳು. “ನೋಡು,
ನನಗೆ ನಾಯಿ ಹೊಳೆಯಲೇ ಇಲ್ಲ.”

ಆಮೇಲೂ ಎರಡು ನಾಟಕ, ಹಳೆಯ ಸಾಲ ತೀರಿಸುವವರ ಹಾಗೆ.
ಮತ್ತೆಲ್ಲ ಅಂಗೈಯಗಲದ ಪುಸ್ತಕಗಳು:
ಹೊಳೆಗೆ ಬಿದ್ದ ಕೋಟಿನ ಗುಂಡಿ
ಕಡಲು ಸೇರಿ ಕುರುಡುಮೀನಿಗೆ ಕಣ್ಣಾಗುವುದು,
ಚಳಿಯಾದ ಕುರಿ ಅಂಗಡಿಗೆ ಹೋಗಿ
ತನ್ನದೇ ಸ್ವೆಟರಿನ ಬೆಲೆ ವಿಚಾರಿಸುವುದು,
ನಡುರಾತ್ರಿ ಸೀನುವ ಟ್ರಾಮು.
ಪ್ರತಿಯೊಂದರಲ್ಲೂ ಕೊನೆಯ ಪುಟ ಖಾಲಿ.
ಪ್ರಕಾಶಕ ಕಾಗದದ ದರ ಹೇಳಿ ಕೂಗಾಡುತ್ತಿದ್ದ,
ಅವಳು ಕೇಕು ಕತ್ತರಿಸಿ ಅವನ ಬಾಯಿಗಿಡುತ್ತಿದ್ದಳು.

ಪ್ರಶಸ್ತಿಗಳು ಬಂದವು, ಸ್ಯಾಶು, ಹೂವು, ಮೇಯರ್.
ಔತಣದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವರು:
“ನಿಜವಾದ ಬರವಣಿಗೆಗೆ ಮತ್ತೆ ಯಾವಾಗ?”
“ಈಗ ಬಗ್ಗಿದ್ದೇನೆ,” ಅನ್ನುವಳು, “ಎದ್ದ ಮೇಲೆ ನೋಡೋಣ.”

ಏಳಲಿಲ್ಲ.

ಅವಳು ಹೋಗಿ ಎರಡು ವರ್ಷಕ್ಕೆ, ಜುಲೈಯಲ್ಲಿ,
ಅವಳಪ್ಪನ ಹೊಳೆ ಬೀದಿಗೆ ಬಂತು.
ನನ್ನ ಗುಳಿ ತುಂಬಿತು, ದೀಪ ತೇಲಿತು,
ತಗಡಿನ ಪೆಟ್ಟಿಗೆಯಲ್ಲಿದ್ದ ಏಳೂ ನಾಟಕ
ಅಂಬಲಿಯಾಗುವುದಕ್ಕೆ ಸ್ವಲ್ಪ ಮುಂಚೆ ಸಿಕ್ಕವು.
ಅಡಿಗೆಮನೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದೆ,
ಕ್ಲಿಪ್ಪು ಸಾಲದೆ ಫೋರ್ಕು ಸಿಕ್ಕಿಸಿದೆ.

ಶಾಯಿಯೆಲ್ಲ ಹೊಳೆಯ ಪಾಲು.
ರಾಜರಿಲ್ಲ, ಯುದ್ಧವಿಲ್ಲ, ಸತ್ತ ಗಂಡಂದಿರಿಲ್ಲ.
ಉಳಿದದ್ದು ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ನನಗೆಂದು ಅವಳು ಗೀಚಿದ್ದು:
ಇಲ್ಲಿ ಉಸಿರು.
ಇಷ್ಟೆಲ್ಲ ಬೇಡ.
ಎವ್ರಾರ್ ಕೂತೇ ಹೇಳಲಿ, ಅವನ ಸೊಂಟ.
ಇಲ್ಲಿ ತಡಿ. ಇನ್ನೂ ತಡಿ.

ಕಿಟಕಿ ತೆರೆದಿಟ್ಟಿದ್ದೇನೆ. ಹಾಳೆಗಳು ಇನ್ನೂ ಹಸಿ.
ಬಗ್ಗಿ ಅದರಡಿ ಓಡಾಡುತ್ತೇನೆ,
ಮೂಗಿಗೆ ಕುರಿಯ ವಾಸನೆ,
ಯಾರಿಗೆ ಮಾತೆತ್ತಿಕೊಡಲಿ ತಿಳಿಯದೆ.